ಚಿಕ್ಕಲ್ಲೂರು ಜಾತ್ರೆ ಗಾಡಿಯ ತೂಕ

ಪುಷ್ಯ ಮಾಸದ ಹುಣ್ಣಿಮೆ ಹತ್ತಿರ ಬಂತೆಂದರೆ ನಮ್ಮ ಸೀಮೆಯಲ್ಲಿ ಗಾಡಿಗಳಿಗೆ ಕೀಲೆಣ್ಣೆ ಬೀಳುತ್ತಿತ್ತು. ಚಿಕ್ಕಲ್ಲೂರಿನ ಸಿದ್ದಪ್ಪಾಜಿ ಜಾತ್ರೆ ಐದು ದಿನದ್ದು. ಚಂದ್ರಮಂಡಲದ ಉತ್ಸವದಿಂದ ಶುರುವಾಗಿ ಸಾಲು ಕೂತು ಉಣ್ಣುವ ಪಂಕ್ತಿಸೇವೆ ದಾಟಿ ಮುಗಿಯುವತನಕ ಬಯಲೇ ಮನೆ. ನಮ್ಮ ಗಾಡಿ ಹೊರಡುತ್ತಿದ್ದ ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದದ್ದು, ಮೈಸೂರು ಸಂಸ್ಥಾನದ ಊರು. ಚಿಕ್ಕಲ್ಲೂರಿರುವ ಕೊಳ್ಳೇಗಾಲ ಸೀಮೆ 1956ರವರೆಗೂ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನಮ್ಮ ತಾತನ ಕಾಲದಲ್ಲಿ ಯಳಂದೂರಿಂದ ಹೊರಟ ಗಾಡಿ ಸಂಸ್ಥಾನ ಬಿಟ್ಟು ಬ್ರಿಟಿಷರ ಮದರಾಸು ಸೀಮೆ ಹೊಕ್ಕು ಜಾತ್ರೆ ಸೇರುತ್ತಿತ್ತು.

ಹೊರೆ ಎಷ್ಟಿದೆ ಎಂದು ತಾತ ಅಷ್ಟಾಗಿ ಕೇಳುತ್ತಿರಲಿಲ್ಲ, ಅಚ್ಚಿನ ಯಾವ ಕಡೆ ಕೂತಿದೆ ಎಂದು ನೋಡುತ್ತಿದ್ದರು. ಮುಂಭಾರವಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂಭಾರವಾದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಹೇರು ಮುಗಿದ ಮೇಲೆ ಅವರು ನೊಗವನ್ನು ಒಂದೇ ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಕೈಗೆ ತುಸು ಭಾರ ಸಿಕ್ಕರೆ ಸರಿ, ಇಲ್ಲದಿದ್ದರೆ ಪಾತ್ರೆ ಮೂಟೆ ಎಲ್ಲ ಜಾಗ ಬದಲಾಗಬೇಕು.

ಹೋಗುವಾಗ ಗಾಡಿಯ ಹಿಂಬದಿಯಲ್ಲಿ ರಾಗಿ ಹುಲ್ಲಿನ ಕಟ್ಟು. ಜಾತ್ರೆ ಮುಗಿಯುವಷ್ಟರಲ್ಲಿ ಎತ್ತುಗಳು ಅದನ್ನು ಮೇಯ್ದು ಮುಗಿಸಿರುತ್ತಿದ್ದವು. ಬರುವಾಗ ಅದೇ ಜನ ಅದೇ ಜಾಗದಲ್ಲಿ ಕೂತರೆ ಗಾಡಿ ಮುಂಭಾರ. ಅದಕ್ಕೇ ವಾಪಸಿನ ದಾರಿಯಲ್ಲಿ, ಅದರಲ್ಲೂ ಇಳಿಜಾರಿನಲ್ಲಿ, “ಹಿಂದ್ಕ ಸರ್ಕ ಕೂಸೇ” ಎಂದು ತಾತ ಕೂಗುತ್ತಿದ್ದರು. ಎತ್ತನ್ನು ನಡೆಸುವ ಮೇವೇ ಹೊರೆಯೂ ಹೌದು, ದಾರಿಯುದ್ದಕ್ಕೂ ಕರಗುವ ಹೊರೆ.

ಮುಂದೆ ನಾನು ಬೆಂಗಳೂರಿನ ಹಳೆಯ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ಲೋಡ್‌ಶೀಟ್, ಅಂದರೆ ವಿಮಾನದ ಹೊರೆಯ ಲೆಕ್ಕದ ಹಾಳೆ, ಬರೆಯುವ ಕೆಲಸ ಮಾಡಿದೆ. 2008ರಲ್ಲಿ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಹೋದವು. ಬೋಯಿಂಗ್ 737-800ರ ಟ್ಯಾಂಕುಗಳು ತುಂಬಿದರೆ ಸುಮಾರು 26,000 ಲೀಟರ್, ತೂಕದಲ್ಲಿ 20 ಟನ್ನಿನ ಆಸುಪಾಸು. ಮೊದಲು ಖಾಲಿಯಾಗುವುದು ನಡುವಿನ ಟ್ಯಾಂಕು, ಆಮೇಲೆ ರೆಕ್ಕೆಯದು. ಗಾಳಿ ರೆಕ್ಕೆಯನ್ನು ಮೇಲಕ್ಕೆ ಎತ್ತುವಾಗ ಒಳಗಿನ ಇಂಧನ ಅದನ್ನು ಕೆಳಕ್ಕೆ ಅದುಮಿ ರೆಕ್ಕೆಯ ಬುಡವನ್ನು ಕಾಯುತ್ತದೆ. ರೆಕ್ಕೆಗಳು ತುದಿಯ ಕಡೆಗೆ ಹಿಂದಕ್ಕೆ ಓರೆಯಾಗಿರುವುದರಿಂದ ಇಂಧನ ಉರಿದಂತೆ ಇಡೀ ವಿಮಾನದ ಗುರುತ್ವಕೇಂದ್ರ ಸರಿಯುತ್ತದೆ. ತೀರಾ ಮುಂದಾದರೆ ಮೂಗು ಎತ್ತುವುದು ಕಷ್ಟ, ತೀರಾ ಹಿಂದಾದರೆ ವಿಮಾನ ಹತೋಟಿ ತಪ್ಪುತ್ತದೆ. ಏರುವಾಗಿನದು, ಇಳಿಯುವಾಗಿನದು, ಇಂಧನವೇ ಇಲ್ಲದಾಗಿನದು, ಮೂರೂ ಲೆಕ್ಕ ಮಿತಿಯೊಳಗೇ ಇರಬೇಕು. ಕಾಂಕಾರ್ಡ್ ವಿಮಾನವಂತೂ ಶಬ್ದದ ವೇಗ ದಾಟುವಾಗ ಇಂಧನವನ್ನೇ ಹಿಂದಿನ ಟ್ಯಾಂಕಿಗೆ ಪಂಪು ಮಾಡಿ, ವೇಗ ಇಳಿಸುವಾಗ ಮುಂದಕ್ಕೆ ತರುತ್ತಿತ್ತು. ತಾತನ ಗಾಡಿ ಕಂಡಿದ್ದ ನನಗೆ ಈ ತೂಕದ ಲೆಕ್ಕ ಕಲಿಯುವಾಗ ಹೊಸದೆನಿಸಲಿಲ್ಲ.

ಸಿದ್ದಪ್ಪಾಜಿಯ ಪವಾಡಗಳನ್ನು ಭಕ್ತ ಗಾಯಕರಾದ ನೀಲಗಾರರು ಹಾಡಿ ಉಳಿಸಿಕೊಟ್ಟಿದ್ದಾರೆ. ಆದರೆ ಗಾಡಿಯವರ ವಿದ್ಯೆ ಗಾಡಿಯವರ ಜೊತೆಯಲ್ಲೇ ಹೋಗುತ್ತಿದೆ, ಇದು ನನಗೆ ನಿಜಕ್ಕೂ ಸಂಕಟದ ವಿಷಯ. ಹನೂರು, ಯಳಂದೂರು ಕಡೆಯವರೇ, ಜಾತ್ರೆಗೆ ಗಾಡಿ ಕಟ್ಟಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಎಷ್ಟು ದಿನಕ್ಕೆ ಎಷ್ಟು ಹುಲ್ಲು ಹೇರುತ್ತಿದ್ದಿರಿ, ಯಾರನ್ನು ಎಲ್ಲಿ ಕೂರಿಸುತ್ತಿದ್ದಿರಿ ಎಂದು ಈ ವರ್ಷವೇ ಕೇಳಿ ಬರೆದಿಡಿ.