ಎರಡನೆಯ ಯಕೃತ್ತು: ಮಕ್ಕಳ ಮರುಕಸಿಯ ಚರಿತ್ರೆ

ಮೂತ್ರಪಿಂಡ ಕೆಟ್ಟ ಮಗುವನ್ನು ಡಯಾಲಿಸಿಸ್ ವರ್ಷಗಟ್ಟಲೆ ಉಳಿಸಬಲ್ಲದು. ಯಕೃತ್ತಿನ ಭಾರವನ್ನು ಅಷ್ಟು ಕಾಲ ಹೊರುವ ಯಂತ್ರ ಇನ್ನೂ ಇಲ್ಲ. ಕಸಿ ಮಾಡಿದ ಯಕೃತ್ತು ಪೂರ್ತಿ ಸೋತರೆ ಉಳಿಯುವ ದಾರಿ ಇನ್ನೊಂದು ಕಸಿ. ಹೀಗಾಗಿ ಮರುಕಸಿಯ ಚರಿತ್ರೆ ಬಹುಮಟ್ಟಿಗೆ ಎರಡನೆಯ ಯಕೃತ್ತನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆಯ ಚರಿತ್ರೆಯೇ.

1963ರ ಮಾರ್ಚ್‌ನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಶಸ್ತ್ರಚಿಕಿತ್ಸಕ ಥಾಮಸ್ ಸ್ಟಾರ್ಜ್ಲ್ ಮೊದಲ ಯಕೃತ್ತಿನ ಕಸಿಗೆ ಕೈಹಾಕಿದ್ದು ಹುಟ್ಟಿನಿಂದ ಪಿತ್ತನಾಳ ಮುಚ್ಚಿದ್ದ ಮೂರು ವರ್ಷದ ಹುಡುಗನಿಗೆ. ರಕ್ತ ನಿಲ್ಲದೆ ಮಗು ತೀರಿಕೊಂಡಿತು. 1967ರಲ್ಲಿ ಕಸಿಯಾದ ಹುಡುಗಿ ವರ್ಷಕ್ಕೂ ಹೆಚ್ಚು ಬದುಕಿದಳು. 1980ರ ದಶಕದಲ್ಲಿ ಸೈಕ್ಲೋಸ್ಪೊರಿನ್ ಔಷಧಿ ಬಂದು ದೇಹದ ತಿರಸ್ಕಾರವನ್ನು ಹತೋಟಿಗೆ ತಂದ ಮೇಲೆಯೇ ಮರುಕಸಿಗೆ ಅರ್ಥ ಬಂತು. 1984ರ ಫೆಬ್ರವರಿಯಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಆರು ವರ್ಷದ ಹುಡುಗಿಗೆ ಹೃದಯ ಮತ್ತು ಯಕೃತ್ತನ್ನು ಒಟ್ಟಿಗೇ ಕಸಿ ಮಾಡಿದರು. ಆ ಯಕೃತ್ತು ಹೆಪಟೈಟಿಸ್‌ನಿಂದ ಕೆಟ್ಟಾಗ 1990ರಲ್ಲಿ ಇನ್ನೊಂದನ್ನು ಜೋಡಿಸಲಾಯಿತು. ಅದೇ ವರ್ಷ ಅವಳು ತೀರಿಕೊಂಡಳು. ಆದರೆ ನಡುವಿನ ಆರು ವರ್ಷಗಳಲ್ಲಿ ಅವಳು ಶಾಲೆಗೆ ಹೋದಳು, ಆಡಿದಳು. ಅದು ಸಣ್ಣ ಗಳಿಕೆಯಲ್ಲ.

ಮಕ್ಕಳಲ್ಲಿ ಕಸಿ ಸೋಲುವುದಕ್ಕೆ ಎರಡು ಕಾಲಗಳಿವೆ. ಮೊದಲ ದಿನಗಳಲ್ಲಿ ಯಕೃತ್ತು ಕೆಲಸವನ್ನೇ ಆರಂಭಿಸದಿರಬಹುದು, ಇಲ್ಲವೇ ಕೆಲವೇ ಮಿಲಿಮೀಟರ್ ಅಗಲದ ಅದರ ಅಪಧಮನಿಯಲ್ಲಿ ರಕ್ತ ಹೆಪ್ಪುಗಟ್ಟಬಹುದು; ಆಗ ಮರುಕಸಿ ದಿನಗಳೊಳಗೆ ಆಗಬೇಕು. ವರ್ಷಗಳ ನಂತರದ ಸೋಲಿಗೆ ದೀರ್ಘಕಾಲದ ತಿರಸ್ಕಾರ ಮತ್ತು ಪಿತ್ತನಾಳದ ತೊಡಕುಗಳು ಕಾರಣ.

ಚಿಕ್ಕ ಮಗುವಿಗೆ ಚಿಕ್ಕ ಯಕೃತ್ತು ಸಿಗುವುದು ಅಪರೂಪ. 1988ರಲ್ಲಿ ಜರ್ಮನಿಯ ಶಸ್ತ್ರಚಿಕಿತ್ಸಕ ಪಿಖ್ಲ್‌ಮೈರ್ ಒಂದೇ ಯಕೃತ್ತನ್ನು ಸೀಳಿ ಇಬ್ಬರಿಗೆ ಹಂಚಿದರು. ಮರುವರ್ಷ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ರಸೆಲ್ ಸ್ಟ್ರಾಂಗ್ ತಾಯಿಯ ಯಕೃತ್ತಿನ ತುಂಡನ್ನು ಮಗುವಿಗೆ ಯಶಸ್ವಿಯಾಗಿ ಕಸಿ ಮಾಡಿದರು. ಭಾರತದಲ್ಲಿ ಇಂಥ ಮೊದಲ ಯಶಸ್ಸು 1998ರ ನವೆಂಬರ್‌ನಲ್ಲಿ ದೆಹಲಿಯ ಅಪೋಲೊ ಆಸ್ಪತ್ರೆಯದು. ಇಪ್ಪತ್ತು ತಿಂಗಳ ಮಗುವಿಗೆ ಕೊಟ್ಟವರು ತಂದೆ.

ಒಮ್ಮೆ ಯಕೃತ್ತು ಕೊಟ್ಟವರು ಮತ್ತೆ ಕೊಡುವಂತಿಲ್ಲ. ತಾಯಿ ಕೊಟ್ಟಿದ್ದರೆ ಮುಂದಿನ ಸರದಿ ತಂದೆಯದು, ರಕ್ತದ ಗುಂಪು ಹೊಂದಿದರೆ. 1994ರ ಅಂಗಾಂಗ ಕಸಿ ಕಾಯ್ದೆಯ ಹತ್ತಿರದ ಬಂಧುಗಳ ಪಟ್ಟಿಯಲ್ಲಿ ಅಜ್ಜ–ಅಜ್ಜಿ ಇರಲಿಲ್ಲ. 2011ರ ತಿದ್ದುಪಡಿ ಅವರನ್ನು ಸೇರಿಸಿತು. ಬಂಧುಗಳಲ್ಲಿ ಯಾರೂ ಹೊಂದದಿದ್ದರೆ ಮೆದುಳು ನಿಷ್ಕ್ರಿಯಗೊಂಡ ದಾನಿಗಾಗಿ ಕಾಯಬೇಕು. ಕರ್ನಾಟಕದಲ್ಲಿ ಆ ಹಂಚಿಕೆಯನ್ನು 2007ರಲ್ಲಿ ಆರಂಭವಾದ ವಲಯ ಸಮನ್ವಯ ಸಮಿತಿ, ಅಂದರೆ ಇಂದಿನ ಜೀವಸಾರ್ಥಕತೆ, ನೋಡಿಕೊಳ್ಳುತ್ತದೆ.

ದಾನಿಯ ಜೊತೆಗೆ ದೂರವೂ ಒಂದು ಪ್ರಶ್ನೆ; ಹಾಸನ ಜಿಲ್ಲೆಯನ್ನೇ ನೋಡಿ. ಹಾಸನದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಆದರೆ ರಾಜ್ಯದಲ್ಲಿ ಮಕ್ಕಳ ಕಸಿ ಬೆಳೆದದ್ದು ಬೆಂಗಳೂರಿನಲ್ಲಿ. ಚನ್ನರಾಯಪಟ್ಟಣದವರಿಗೆ ಬೆಂಗಳೂರಿನ ಹೆದ್ದಾರಿ ಊರಲ್ಲೇ ಸಿಗುತ್ತದೆ. ಅರಕಲಗೂಡು, ಹೊಳೆನರಸೀಪುರದ ಹಳ್ಳಿಗಳವರಿಗೆ ಅದನ್ನು ಮುಟ್ಟುವುದೇ ಒಂದು ಪಯಣ. ಮೊದಲ ದಿನಗಳ ಸೋಲು ಆಸ್ಪತ್ರೆಯಲ್ಲೇ ಕಣ್ಣಿಗೆ ಬೀಳುತ್ತದೆ. ತಡವಾದ ಸೋಲು ಶುರುವಾಗುವುದು ಮನೆಯಲ್ಲಿ: ತಪ್ಪಿದ, ತಿರಸ್ಕಾರ ತಡೆಯುವ ಟ್ಯಾಕ್ರೊಲಿಮಸ್ ಗುಳಿಗೆ, ಮುಂದೂಡಿದ ರಕ್ತಪರೀಕ್ಷೆ, ಸಾಮಾನ್ಯವೆಂದುಕೊಂಡ ಜ್ವರ, ಮರಳಿ ಬಂದ ಕಾಮಾಲೆ. ಮೊದಲ ಶಸ್ತ್ರಚಿಕಿತ್ಸೆಯ ಗಾಯದ ಅಂಟುಗಳಿಂದ ಎರಡನೆಯದರಲ್ಲಿ ರಕ್ತ ಹೆಚ್ಚು ಹೋಗುತ್ತದೆ, ಫಲಿತಾಂಶವೂ ಮೊದಲಿನಷ್ಟು ಒಳ್ಳೆಯದಲ್ಲ. ಮಗು ತೀರ ಬಳಲುವ ಮೊದಲೇ ತಲುಪಿದರೆ ಅದು ಬದುಕುವ ಸಾಧ್ಯತೆ ಹೆಚ್ಚು. ಹಾಗಾಗಿ ಮೊದಲ ಗುರುತುಗಳನ್ನು ಕಂಡು ಬೆಂಗಳೂರಿಗೆ ಕಳಿಸುವ ಹೊಣೆ ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯರ ಮೇಲೂ ಬೀಳುತ್ತದೆ.