ಅರ್ಧ ಅಂಗುಲದ ಪಾಠ: ಟೈರಿನ ಮೇಲಿನ ಅಂಕಿಗಳ ಚರಿತ್ರೆ

ಈ ಲೇಖನವನ್ನು ಓದುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ಮನೆಯ ಅಂಗಳದಲ್ಲೋ ರಸ್ತೆಯ ಬದಿಯಲ್ಲೋ ನಿಂತಿರುವ ಒಂದು ಕಾರಿನ ಬಳಿಗೆ ಹೋಗಿ, ಅದರ ಟೈರಿನ ಪಕ್ಕವನ್ನು ಬಗ್ಗಿ ನೋಡಿ. 185/65 ಆರ್ 15 88 ಎಚ್ ಎಂಬಂತಹ ಒಂದು ಸಾಲು ಅಲ್ಲಿ ಉಬ್ಬಿ ನಿಂತಿರುತ್ತದೆ. ವರ್ಷಗಟ್ಟಲೆ ವಾಹನ ಓಡಿಸಿದವರೂ ಈ ಸಾಲನ್ನು ಓದಿರುವುದಿಲ್ಲ. ಟೈರು ಸವೆದಾಗ ಅಂಗಡಿಗೆ ಹೋಗಿ, "ಇದಕ್ಕೆ ಕೂರುವ ಒಂದು ಟೈರು ಕೊಡಿ" ಎಂದು ಕೇಳಿ ತರುವುದೇ ನಮ್ಮಲ್ಲಿ ರೂಢಿ.

ಆದರೆ 'ಕೂರುವುದು' ಎಂದರೇನು? ರಿಮ್ಮಿನ ಮೇಲೆ ಹೇಗೋ ಏರಿದ ಮಾತ್ರಕ್ಕೆ ಟೈರು ಕೂತಂತೆ ಆಗುತ್ತದೆಯೇ? ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಮನುಷ್ಯನಿಗೆ ನೂರು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. ಆ ಉತ್ತರವೇ ಟೈರಿನ ಮೇಲಿನ ಈ ಅಂಕಿಗಳು. ಇವುಗಳ ಹಿಂದೆ ಜಾಣತನದ ಕಥೆಯೂ ಇದೆ, ರಕ್ತದ ಕಲೆಯೂ ಇದೆ.

ಅಂಟಿನಿಂದ ಅಂಚಿಗೆ

ಗಾಳಿ ತುಂಬಿದ ಟೈರಿಗೆ ಮೊದಲು ಪೇಟೆಂಟ್ ಪಡೆದವರು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್. ಅದು 1845ರಲ್ಲಿ. ರಬ್ಬರ್ ಲೇಪಿಸಿದ ಬಟ್ಟೆಯ ಕೊಳವೆ, ಅದರ ಮೇಲೆ ಚರ್ಮದ ಹೊದಿಕೆ. ಕುದುರೆಗಾಡಿಗಳ ಆ ಕಾಲದಲ್ಲಿ ಅದು ಜನಬಳಕೆಗೆ ಬರಲಿಲ್ಲ. 1888ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್, ತಮ್ಮ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಮಾಡಿದ ಗಾಳಿ ಟೈರಿಗೆ ಪೇಟೆಂಟ್ ಪಡೆದರು. ಥಾಮ್ಸನ್ನರ ಹಳೆಯ ದಾಖಲೆ ಹೊರಬಂದ ಮೇಲೆ ಆ ಪೇಟೆಂಟ್ ನಿಲ್ಲಲಿಲ್ಲವಾದರೂ ಟೈರು ನಿಂತಿತು.

ಡನ್‌ಲಪ್ ಟೈರಿಗೆ ಒಂದು ದೊಡ್ಡ ತೊಡಕಿತ್ತು. ಅದನ್ನು ಚಕ್ರಕ್ಕೆ ಅಂಟಿಸಿಬಿಡುತ್ತಿದ್ದರು. ಪಂಚರ್ ಆದರೆ ಕಿತ್ತು, ತೇಪೆ ಹಾಕಿ, ಮತ್ತೆ ಅಂಟಿಸಿ, ಒಣಗಲು ಗಂಟೆಗಟ್ಟಲೆ ಕಾಯಬೇಕಿತ್ತು. ಫ್ರಾನ್ಸಿನ ಮಿಷೆಲಿನ್ ಸಹೋದರರ ಕಾರ್ಖಾನೆಗೆ ಇಂತಹ ಒಂದು ಸೈಕಲ್ ದುರಸ್ತಿಗೆ ಬಂದಾಗ ಅವರಿಗೂ ಇದೇ ಅನುಭವವಾಯಿತು. 1891ರಲ್ಲಿ ಅವರು ಕಳಚಿ ಹಾಕಬಹುದಾದ ಸೈಕಲ್ ಟೈರನ್ನು ತಂದರು. ಅದೇ ವರ್ಷ ಷಾರ್ಲ್ ಟೆರೋಂ ಆ ಟೈರಿನ ಮೇಲೆ ಪ್ಯಾರಿಸ್ಸಿನಿಂದ ಬ್ರೆಸ್ಟ್‌ಗೆ ಹೋಗಿ ಹಿಂದಿರುಗುವ, ಸುಮಾರು 1,200 ಕಿಲೋಮೀಟರಿನ ಸ್ಪರ್ಧೆಯನ್ನು ಗೆದ್ದರು.

ಟೈರು ಕಳಚುವಂತಾದ ಕೂಡಲೇ ಹೊಸ ಪ್ರಶ್ನೆ ಎದ್ದಿತು. ಅಂಟಿಲ್ಲದೆ ಅದು ಚಕ್ರವನ್ನು ಹಿಡಿದುಕೊಳ್ಳುವುದು ಹೇಗೆ? 1890ರಲ್ಲೇ ಇದಕ್ಕೆ ಎರಡು ಉತ್ತರಗಳು ಬಂದಿದ್ದವು. ವಿಲಿಯಂ ಬಾರ್ಟ್ಲೆಟ್ಟರ ವಿಧಾನದಲ್ಲಿ ಟೈರಿನ ಅಂಚು ರಿಮ್ಮಿನ ಬಾಗಿದ ಅಂಚಿನೊಳಗೆ ಕೊಕ್ಕೆಯಂತೆ ಸಿಕ್ಕಿಕೊಳ್ಳುತ್ತಿತ್ತು. ಚಾರ್ಲ್ಸ್ ವೆಲ್ಚ್ ಅವರದು ಬೇರೆ ದಾರಿ. ಟೈರಿನ ಒಳ ಅಂಚಿನಲ್ಲಿ ಹಿಗ್ಗದ ತಂತಿಯ ಬಳೆ, ರಿಮ್ಮಿನ ನಡುವೆ ಒಂದು ತಗ್ಗು. ಬಳೆಯ ಒಂದು ಬದಿಯನ್ನು ತಗ್ಗಿಗೆ ಇಳಿಸಿದರೆ ಇನ್ನೊಂದು ಬದಿ ರಿಮ್ಮಿನ ಅಂಚನ್ನು ದಾಟಿ ಒಳಗೆ ಬರುತ್ತದೆ. ಗಾಳಿ ತುಂಬಿದಾಗ ಎರಡೂ ಬದಿ ಮೇಲೆದ್ದು ತಮ್ಮ ಪೀಠದ ಮೇಲೆ ಬಿಗಿಯಾಗಿ ಕೂರುತ್ತವೆ. ಇಂದು ನಮ್ಮ ಸ್ಕೂಟರಿನಲ್ಲೂ ಕಾರಿನಲ್ಲೂ ಇರುವುದು ಇದೇ ತಂತಿಯ ಬಳೆ. ಮೆಕ್ಯಾನಿಕ್‌ಗಳು ಇದನ್ನು 'ಬೀಡ್' ಎನ್ನುತ್ತಾರೆ. ಈ ತಗ್ಗಿನ ಉಪಾಯವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಸ್ಟೆಪ್ನಿ ಎಂಬ ಬೀದಿ

ನಮ್ಮ ಚಾಲಕರ ಬಾಯಲ್ಲಿ ದಿನವೂ ಬರುವ 'ಸ್ಟೆಪ್ನಿ' ಎಂಬ ಮಾತಿಗೂ ಇದೇ ಚರಿತ್ರೆಯಲ್ಲಿ ಸ್ಥಾನವಿದೆ. ಮೊದಲ ಮೋಟಾರು ಕಾರುಗಳಿಗೆ ಹೆಚ್ಚುವರಿ ಚಕ್ರವೇ ಇರಲಿಲ್ಲ. 1904ರಲ್ಲಿ ವೇಲ್ಸ್‌ನ ಲ್ಯಾನೆಲ್ಲಿ ಪಟ್ಟಣದಲ್ಲಿ, ಪಂಚರ್ ಆದ ಚಕ್ರಕ್ಕೆ ಪಕ್ಕದಿಂದ ಬಿಗಿಯುವ ಅರೆಕಾಲಿಲ್ಲದ ಒಂದು ರಿಮ್ಮು ಮತ್ತು ಟೈರನ್ನು ತಯಾರಿಸಿದರು. ಆ ಅಂಗಡಿ ಇದ್ದದ್ದು ಸ್ಟೆಪ್ನಿ ಬೀದಿಯಲ್ಲಿ. ಆ ಬೀದಿಯ ಹೆಸರೇ ವಸ್ತುವಿಗೆ ಬಂದು, ಅಲ್ಲಿಂದ ಭಾರತದ ಗ್ಯಾರೇಜುಗಳಿಗೆ ಬಂದು ನೆಲೆಸಿತು.

ಕಣ್ಣಳತೆ ಸೋತ ಕಾಲ

ಕಾರುಗಳು ಹೆಚ್ಚಾದಂತೆ ಅಳತೆಯ ಗೊಂದಲವೂ ಹೆಚ್ಚಿತು. ಫೋರ್ಡ್ ಕಂಪನಿಯ ಪ್ರಸಿದ್ಧ ಮಾಡೆಲ್ ಟಿ ಕಾರಿಗೆ ಬಹುಕಾಲ ಮುಂದೆ 30×3, ಹಿಂದೆ 30×3½ ಅಳತೆಯ ಟೈರು ಇರುತ್ತಿತ್ತು. ಇಲ್ಲಿ 30 ಎಂಬುದು ಟೈರಿನ ಹೊರ ವ್ಯಾಸ, ಅಂಗುಲಗಳಲ್ಲಿ. ಎರಡೂ 30 ಆದುದರಿಂದ ಒಂದರ ಬದಲು ಇನ್ನೊಂದು ಹಾಕಬಹುದು ಎಂದು ನಮಗೆ ತೋರುತ್ತದೆ. ಲೆಕ್ಕ ಮಾಡಿ ನೋಡಿ. ಟೈರಿನ ದಪ್ಪವನ್ನು ಎರಡೂ ಕಡೆಯಿಂದ ಕಳೆದರೆ ಮುಂದಿನ ರಿಮ್ಮು 24 ಅಂಗುಲ, ಹಿಂದಿನದು 23 ಅಂಗುಲ. ಎರಡೂ ಒಂದಕ್ಕೊಂದು ಆಗಿಬರುವುದಿಲ್ಲ. ಆದರೆ 31×4 ಎಂಬ ದೊಡ್ಡ ಟೈರು 23 ಅಂಗುಲದ ಹಿಂದಿನ ರಿಮ್ಮಿಗೆ ಸರಿಯಾಗಿ ಕೂರುತ್ತಿತ್ತು! ಒಂದೇ ಅಂಕಿಯವು ಕೂರುವುದಿಲ್ಲ, ಬೇರೆ ಅಂಕಿಯದು ಕೂರುತ್ತದೆ. ಕೊಳ್ಳುವವನ ಪಾಡು ಏನಾಗಿರಬೇಡ!

1920ರ ದಶಕದಲ್ಲಿ ಕಡಿಮೆ ಒತ್ತಡದ ಅಗಲವಾದ 'ಬಲೂನ್' ಟೈರುಗಳು ಬಂದವು. ಕೊಕ್ಕೆಯ ಅಂಚಿಗೆ ಹಿಡಿತಕ್ಕಾಗಿ ಹೆಚ್ಚಿನ ಒತ್ತಡ ಬೇಕಿತ್ತು. ಹೀಗಾಗಿ ಅದು ಹಿಂದೆ ಸರಿದು ತಂತಿಯ ಬಳೆ ಗೆದ್ದಿತು. ಅಳತೆಯ ಬರಹವೂ ಬದಲಾಗಿ, ಹೊರ ವ್ಯಾಸದ ಬದಲು ಟೈರಿನ ಅಗಲ ಮತ್ತು ರಿಮ್ಮಿನ ವ್ಯಾಸವನ್ನು ನಮೂದಿಸುವ ಪದ್ಧತಿ ಬಂದಿತು. ನಮ್ಮ ದೇಶದ ರಸ್ತೆಗಳನ್ನು ದಶಕಗಳ ಕಾಲ ಆಳಿದ ಅಂಬಾಸಿಡರ್ ಕಾರಿನ 5.90-15 ಮತ್ತು ಪ್ರೀಮಿಯರ್ ಪದ್ಮಿನಿಯ 5.20-14 ಇದೇ ಪದ್ಧತಿಯವು. ಮೊದಲನೆಯದು ಅಗಲ, ಎರಡನೆಯದು ರಿಮ್ಮು. ಕಾರಿನವನು ಕೇಳಬೇಕಾದ ಮುಖ್ಯ ಪ್ರಶ್ನೆಗೆ ಈ ಎರಡನೆಯ ಅಂಕಿ ನೇರ ಉತ್ತರ ಕೊಟ್ಟಿತು.

1946ರಲ್ಲಿ ಮಿಷೆಲಿನ್ ಕಂಪನಿ ರೇಡಿಯಲ್ ಟೈರಿಗೆ ಪೇಟೆಂಟ್ ಪಡೆಯಿತು. ಒಳಗಿನ ದಾರಗಳು ಓರೆಯಾಗಿ ಹೆಣೆದುಕೊಳ್ಳದೆ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಸಾಗುವ ಟೈರು ಇದು. ಅಳತೆಯ ನಡುವಿನ 'ಆರ್' ಅಕ್ಷರ ಇದರದೇ ಗುರುತು. ಭಾರತದಲ್ಲಿ 1977ರಲ್ಲಿ ಜೆ.ಕೆ. ಟೈರ್ ರೇಡಿಯಲ್ ತಯಾರಿಕೆಗೆ ದಾರಿ ಹಾಕಿತು. ನಮ್ಮ ಮೈಸೂರಿನ ವಿಕ್ರಾಂತ್ ಟೈರ್ಸ್ 1997ರಲ್ಲಿ ಇದೇ ಸಮೂಹಕ್ಕೆ ಸೇರಿತು. ಹಳೆಯ ಓರೆ ಹೆಣಿಗೆಯ ಟೈರು ಮತ್ತು ರೇಡಿಯಲ್ ತಿರುವಿನಲ್ಲಿ ಬೇರೆ ಬೇರೆ ರೀತಿ ವರ್ತಿಸುತ್ತವೆ. ಆದುದರಿಂದ ಒಂದೇ ಅಚ್ಚಿಗೆ ಒಂದು ಅದು, ಒಂದು ಇದು ಎಂದು ಎಂದಿಗೂ ಹಾಕಬಾರದು.

ಅರ್ಧ ಅಂಗುಲದ ದುರಂತ

ಈಗ ಈ ಚರಿತ್ರೆಯ ಕಹಿ ಅಧ್ಯಾಯಕ್ಕೆ ಬರೋಣ. ಅಮೆರಿಕದ ಪಿಕಪ್ ಮತ್ತು ಸಣ್ಣ ಟ್ರಕ್ಕುಗಳಲ್ಲಿ 16 ಅಂಗುಲದ ರಿಮ್ಮು ಬಳಕೆಯಲ್ಲಿತ್ತು. ಅದರ ಜೊತೆಗೆ ಟ್ಯೂಬ್‌ಲೆಸ್ ಟೈರಿಗಾಗಿ 16.5 ಅಂಗುಲದ ಇನ್ನೊಂದು ರಿಮ್ಮು ಬಂದಿತು. ಬೀಡ್ ಕೂರುವ ಪೀಠದ ಇಳಿಜಾರು ಒಂದರಲ್ಲಿ 5 ಡಿಗ್ರಿ, ಇನ್ನೊಂದರಲ್ಲಿ 15 ಡಿಗ್ರಿ. ದೂರದಿಂದ ನೋಡಿದರೆ ಎರಡೂ ಒಂದೇ.

ವೆಲ್ಚ್ ಅವರ ತಗ್ಗಿನ ಉಪಾಯ ಇಲ್ಲಿ ಶಾಪವಾಯಿತು. 16 ಅಂಗುಲದ ಟೈರಿನ ಒಂದು ಬದಿಯನ್ನು ತಗ್ಗಿಗೆ ಇಳಿಸಿದರೆ ಇನ್ನೊಂದು ಬದಿ 16.5ರ ರಿಮ್ಮಿನ ಅಂಚನ್ನೂ ದಾಟಿಬಿಡುತ್ತದೆ. "ಏರಿತಲ್ಲ, ಇನ್ನೇನು" ಎಂದು ಗಾಳಿ ತುಂಬಿಸುತ್ತಾರೆ. ಬೀಡ್ ಪೀಠದ ಮೇಲೆ ಕೂರುವುದಿಲ್ಲ, ಏಕೆಂದರೆ ಪೀಠ ಅದಕ್ಕಿಂತ ದೊಡ್ಡದು. ಕೂರಲಿ ಎಂದು ಇನ್ನಷ್ಟು ಗಾಳಿ ತುಂಬಿಸುತ್ತಾರೆ. ಹಿಗ್ಗಲಾರದ ತಂತಿ ಕೊನೆಗೆ ಕಡಿಯುತ್ತದೆ. ಆ ಕ್ಷಣ ಟೈರು ಬಾಂಬಿನಂತೆ ಸಿಡಿಯುತ್ತದೆ. ಹೀಗೆ ಸಿಡಿದ ಟೈರುಗಳಿಂದ ಅಲ್ಲಿ ಜನ ಗಾಯಗೊಂಡರು, ಸತ್ತರು.

ಇಂತಹ ಒಂದು ಪ್ರಕರಣ ಟೆಕ್ಸಾಸ್ ರಾಜ್ಯದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ತಪ್ಪು ರಿಮ್ಮಿಗೆ ಟೈರು ಹಾಕುವುದು ಅಪಾಯವೆಂಬ ಎಚ್ಚರಿಕೆಯ ಚೀಟಿ ಆ ಟೈರಿನ ಮೇಲೆಯೇ ಇತ್ತು. ಸಿಡಿಯುವ ಟೈರಿನಿಂದ ಕೆಲಸಗಾರ ಗಾಳಿಗೆ ಹಾರುವ ಚಿತ್ರವೂ ಅದರಲ್ಲಿತ್ತು. ಆದರೂ ಒಬ್ಬ ಮೆಕ್ಯಾನಿಕ್ 16ರ ಟೈರನ್ನು 16.5ರ ರಿಮ್ಮಿಗೆ ಹಾಕಿ, ಅದರ ಮೇಲೆ ಬಾಗಿ ಗಾಳಿ ತುಂಬಿಸುತ್ತಿದ್ದಾಗ ಸಿಡಿದು ತೀವ್ರವಾಗಿ ಗಾಯಗೊಂಡ. "ಎಚ್ಚರಿಕೆ ಬರೆದಿದ್ದೆವಲ್ಲ" ಎಂದಿತು ಯೂನಿರಾಯಲ್ ಗುಡ್‌ರಿಚ್ ಕಂಪನಿ. ಆದರೆ ಬೀಡನ್ನು ಇನ್ನೂ ಸುರಕ್ಷಿತವಾಗಿ ತಯಾರಿಸುವ ವಿಧಾನ ಆಗಲೇ ತಿಳಿದಿತ್ತು ಮತ್ತು 1991ರಲ್ಲಿ ಕಂಪನಿ ತಾನೇ ಅಂತಹ ಬೀಡಿಗೆ ಬದಲಾಗಿತ್ತು. ಸುರಕ್ಷಿತವಾದ ದಾರಿ ಸಾಧ್ಯವಿದ್ದಾಗ ಎಚ್ಚರಿಕೆಯ ಬರಹವೊಂದೇ ತಯಾರಕರನ್ನು ಹೊಣೆಯಿಂದ ಬಿಡಿಸುವುದಿಲ್ಲವೆಂದು 1998ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ತೀರ್ಪಿಗೆ ಭಿನ್ನಮತವೂ ಇತ್ತು.

ಮಿಷೆಲಿನ್ ಕಂಪನಿ 1975ರಲ್ಲಿ ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದಿತ್ತು. ಅದರ ಟಿಆರ್‌ಎಕ್ಸ್ ಟೈರಿಗೆ ಬೇರೆಯೇ ಆಕಾರದ ರಿಮ್ಮು ಬೇಕಿತ್ತು. ಜನ ಗೊಂದಲಕ್ಕೊಳಗಾಗದಿರಲಿ ಎಂದು ಅದರ ವ್ಯಾಸವನ್ನು ಅಂಗುಲಗಳಲ್ಲಿ ಇಡದೆ 390 ಮಿಲಿಮೀಟರ್ ಎಂಬಂತಹ ಅಳತೆಗಳಲ್ಲಿ ಇಟ್ಟರು. 390 ಮಿಲಿಮೀಟರ್ ಎಂದರೆ ಸುಮಾರು 15.35 ಅಂಗುಲ. ಮಾರುಕಟ್ಟೆಯ 15 ಅಂಗುಲದ ಟೈರು ಅದಕ್ಕೆ ಆಗುತ್ತಿರಲಿಲ್ಲ. ಆದರೆ ಆ ಪದ್ಧತಿ ಬಹುಕಾಲ ಉಳಿಯಲಿಲ್ಲ. ಅಂತಹ ಕಾರುಗಳ ಮಾಲೀಕರು ಟೈರಿಗಾಗಿ ಅಲೆಯುವಂತಾಯಿತು. ಎಲ್ಲರೂ ಒಪ್ಪಿದ ಅಳತೆಯಿಂದ ಹೊರಗುಳಿದವನಿಗೆ ಇನ್ನೊಂದು ಬಗೆಯ ಕಷ್ಟ ಎಂಬುದನ್ನು ಇದು ತೋರಿಸುತ್ತದೆ.

ನೀವು ಮಾಡಬೇಕಾದುದು

ಈಗ ಮೊದಲು ನೋಡಿದ ಸಾಲಿಗೆ ಹಿಂತಿರುಗಿ. 185 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 65 ಎಂದರೆ ಪಕ್ಕದ ಎತ್ತರ ಆ ಅಗಲದ ಶೇಕಡಾ 65. 15 ಎಂಬುದು ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. 88 ಭಾರದ ಸಂಕೇತ: ಆ ಟೈರು 560 ಕಿಲೋಗ್ರಾಂ ಹೊರಬಲ್ಲದು. 'ಎಚ್' ವೇಗದ ಮಿತಿ, ಗಂಟೆಗೆ 210 ಕಿಲೋಮೀಟರ್.

ವಾಹನಕ್ಕೆ ಯಾವ ಅಳತೆ ಎಂಬುದನ್ನು ಸವೆದ ಟೈರು ನೋಡಿ ತೀರ್ಮಾನಿಸಬೇಡಿ. ಹಿಂದಿನ ಮಾಲೀಕ ತಪ್ಪು ಟೈರನ್ನೇ ಹಾಕಿಸಿರಬಹುದು. ಚಾಲಕನ ಬಾಗಿಲ ಚೌಕಟ್ಟಿನ ಚೀಟಿ ಅಥವಾ ವಾಹನದ ಕೈಪಿಡಿಯನ್ನು ನೋಡಿ. ರಿಮ್ಮಿನ ವ್ಯಾಸದಲ್ಲಿ ರಾಜಿ ಬೇಡ. ಭಾರ ಮತ್ತು ವೇಗದ ಸಂಕೇತ ಮೂಲಕ್ಕಿಂತ ಕಡಿಮೆಯಾಗಬಾರದು.

ಬೇರೆ ಅಳತೆ ಹಾಕಲೇಬೇಕೆಂದಿದ್ದರೆ ಒಟ್ಟು ಎತ್ತರವನ್ನು ಲೆಕ್ಕ ಹಾಕಿ. 185/65 ಆರ್ 15ರ ಎತ್ತರ ಸುಮಾರು 621 ಮಿಲಿಮೀಟರ್. 195/55 ಆರ್ 16ರದೂ ಹೆಚ್ಚುಕಡಿಮೆ ಅಷ್ಟೇ. ಆದರೆ 195/65 ಆರ್ 15 ಹಾಕಿದರೆ ಎತ್ತರ ಶೇಕಡಾ 2ರಷ್ಟು ಹೆಚ್ಚುತ್ತದೆ. ಆಗ ವೇಗದ ಮುಳ್ಳು ತೋರಿಸುವುದಕ್ಕಿಂತ ವಾಹನ ವೇಗವಾಗಿ ಓಡುತ್ತಿರುತ್ತದೆ. ಎತ್ತರ ಹೊಂದಿದರೂ ಟೈರಿನ ಅಗಲಕ್ಕೆ ರಿಮ್ಮಿನ ಅಗಲ ಒಪ್ಪಬೇಕು.

ಅಲಾಯ್ ಚಕ್ರ ಕೊಳ್ಳುವ ಯುವಕರಿಗೆ ಒಂದು ಮಾತು. ಬೋಲ್ಟ್‌ಗಳ ಸಂಖ್ಯೆ ಒಂದೇ ಎಂದರೆ ಸಾಲದು, ಅವು ನಿಂತಿರುವ ವೃತ್ತದ ವ್ಯಾಸವೂ ಒಂದೇ ಇರಬೇಕು. ಫಿಯೆಟ್ ಊನೋ ಮತ್ತು ಪಾಲಿಯೊ ಕಾರುಗಳಲ್ಲಿ ಅದು 98 ಮಿಲಿಮೀಟರ್ ಇತ್ತು. ಅನೇಕ ಜಪಾನಿ ಮತ್ತು ಕೊರಿಯನ್ ಸಣ್ಣ ಕಾರುಗಳಲ್ಲಿ 100. ಎರಡೇ ಮಿಲಿಮೀಟರ್ ವ್ಯತ್ಯಾಸ! ಒತ್ತಿ ಬಿಗಿದರೆ ಕೂತಂತೆ ಕಾಣುತ್ತದೆ, ಆದರೆ ಬೋಲ್ಟ್‌ಗಳು ಓರೆಯಾಗಿ ನಿಂತು ಓಡುತ್ತ ಓಡುತ್ತ ಸಡಿಲಗೊಳ್ಳುತ್ತವೆ. ಚಕ್ರದ ನಡುವಿನ ತೂತು ಮತ್ತು ಚಕ್ರ ಒಳಹೊರಗೆ ನಿಲ್ಲುವ ಅಳತೆಯೂ ಮೂಲಕ್ಕೆ ಹೊಂದಬೇಕು. ಇಲ್ಲವಾದರೆ ತಿರುವಿನಲ್ಲಿ ಟೈರು ಒಡಲಿಗೆ ಉಜ್ಜುತ್ತದೆ.

ಟೈರು ಕೂರಿಸುವಾಗ ಚದರ ಅಂಗುಲಕ್ಕೆ 40 ಪೌಂಡ್ ಒತ್ತಡಕ್ಕೂ ಬೀಡ್ ಕೂರದಿದ್ದರೆ ಗಾಳಿ ನಿಲ್ಲಿಸಿ, ಗಾಳಿ ಬಿಟ್ಟು, ಅಂಕಿಗಳನ್ನು ಮತ್ತೆ ಓದಿ. ಟೈರಿನ ವಯಸ್ಸನ್ನೂ ನೋಡಿ: ತಯಾರಿಕೆಯ ಸಂಕೇತದ ಕೊನೆಯ ನಾಲ್ಕು ಅಂಕಿ 2419 ಎಂದಿದ್ದರೆ ಅದು 2019ರ 24ನೇ ವಾರದ್ದು. ನಮ್ಮ ಸರಕಾರ 2009ರಲ್ಲಿ ಹೊರಡಿಸಿದ ಗುಣಮಟ್ಟದ ಆದೇಶದಿಂದ ವಾಹನಗಳ ಟೈರಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಅದನ್ನೂ ಹುಡುಕಿ. ಕೇಂದ್ರ ಮೋಟಾರು ವಾಹನ ನಿಯಮದಂತೆ ಕಾರಿನ ಟೈರಿನ ಗೀರುಗಳ ಆಳ 1.6 ಮಿಲಿಮೀಟರಿಗಿಂತ, ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಲ್ಲಿ 0.8ಕ್ಕಿಂತ ಕಡಿಮೆಯಾಗಬಾರದು.

ವಿದ್ಯಾರ್ಥಿ ಮಿತ್ರರೇ, ಅಕ್ಷರ ಕಲಿತವರು ನಾವು ಎಂದು ಹೆಮ್ಮೆ ಪಡುತ್ತೇವೆ. ಆ ಟೆಕ್ಸಾಸಿನ ಟೈರಿನ ಮೇಲೂ ಅಕ್ಷರಗಳಿದ್ದವು, ಚಿತ್ರವೂ ಇತ್ತು. ತಯಾರಿಸುವವನು ತನ್ನ ಹೊಣೆಯನ್ನು ಬರಹಕ್ಕೆ ವಹಿಸಿ ಕೈತೊಳೆದುಕೊಳ್ಳಬಾರದು. ಬಳಸುವವನು ಓದದೆ ಇರಬಾರದು. ನಿಮ್ಮಲ್ಲಿ ಕೆಲವರು ನಾಳೆ ಇಂಜಿನಿಯರುಗಳಾಗುವಿರಿ, ಕೆಲವರು ಗ್ಯಾರೇಜು ನಡೆಸುವಿರಿ, ಉಳಿದವರು ತಂದೆತಾಯಿಯರನ್ನು ಕೂರಿಸಿಕೊಂಡು ವಾಹನ ಓಡಿಸುವಿರಿ. ಯಾವ ಜಾಗದಲ್ಲಿದ್ದರೂ ಅರ್ಧ ಅಂಗುಲವನ್ನು ಸಣ್ಣದೆಂದು ಬಗೆಯದಿರಿ. ಇಂದು ಮನೆಗೆ ಹೋದೊಡನೆ ಆ ಸಾಲನ್ನು ಬಗ್ಗಿ ಓದಿ, ಬಾಗಿಲ ಚೀಟಿಯೊಂದಿಗೆ ಹೋಲಿಸಿ ನೋಡಿ.