ಶನಿವಾರ ನಿಂತ ಗಾಣ

ಡೊಂಬಿವಲಿಯಿಂದ ಠಾಣೆಗೆ ಕೆಲಸಕ್ಕೆ ಹೋಗುತ್ತಿದ್ದಾಗ ಟೆಂಭಿ ನಾಕಾದ ಸಿನಗಾಗ್ ಮುಂದೆ ದಿನವೂ ಹಾಯುತ್ತಿದ್ದೆ. 1879ರಲ್ಲಿ ಕಟ್ಟಿದ ಅದರ ಹೆಸರು ಶಾರ್ ಹಶಾಮಾಯಿಂ, ಸ್ವರ್ಗದ ಬಾಗಿಲು. ಅಲ್ಲಿಯವರು ಬೆನೆ ಇಸ್ರೇಲಿಗಳು, ಮನೆಯಲ್ಲಿ ಮರಾಠಿ ಆಡುವ ಯೆಹೂದಿಗಳು. ಅವರ ಹಿರಿಯರು ಕೊಂಕಣದ ಹಳ್ಳಿಗಳಲ್ಲಿ ಎಣ್ಣೆ ಗಾಣ ನಡೆಸಿದವರು. ಆರು ದಿನ ಲೋಕ ಸೃಷ್ಟಿಸಿ ಏಳನೆಯ ದಿನ ದೇವರು ವಿಶ್ರಮಿಸಿದನಲ್ಲ, ಅದಕ್ಕಾಗಿ ಶನಿವಾರ ಗಾಣ ಕಟ್ಟುತ್ತಿರಲಿಲ್ಲ. ಊರವರು ಅವರನ್ನು ‘ಶನಿವಾರ ತೇಲಿ’, ಶನಿವಾರದ ಗಾಣಿಗರು, ಎಂದೇ ಕರೆದರು.

ಇದನ್ನು ಕೇಳಿದಾಗ ನೆನಪಾದವನು ನಮ್ಮಜ್ಜ. ವಿಜಯಪುರದ ನಮ್ಮ ಕಡೆ ಸೋಮವಾರ ಬಸವಣ್ಣನ ದಿನ. ಅಂದು ಅಜ್ಜ ಎತ್ತಿನ ಹೆಗಲಿಗೆ ನೊಗ ಇಡಗೊಡುತ್ತಿರಲಿಲ್ಲ, ಬಿತ್ತನೆಯ ಹದ ತಪ್ಪಿದರೂ ಸೈ.

1616ರಲ್ಲಿ ಗೋವೆಯ ರಾಚೋಲ್‌ನಲ್ಲಿ ಅಚ್ಚಾದ ಥಾಮಸ್ ಸ್ಟೀಫನ್ಸರ ‘ಕ್ರಿಸ್ತಪುರಾಣ’ ದೇವರು ಏಳನೆಯ ದಿನ ವಿಶ್ರಮಿಸಿದ ಆ ಸೃಷ್ಟಿಕಥೆಯನ್ನು ಮರಾಠಿ ಓವಿ ಛಂದಸ್ಸಿಗೆ ಇಳಿಸಿತು. ಕನ್ನಡ ಬೈಬಲ್ ಆ ಕಥೆಯ ಪುಸ್ತಕಕ್ಕೆ ‘ಆದಿಕಾಂಡ’ ಎಂದಿತು. ರಾಮಾಯಣ ಕೇಳಿದ ಕಿವಿಗೆ ಎಷ್ಟು ಹತ್ತಿರದ ಹೆಸರು! ಆದರೂ ನನ್ನ ಪಾಲಿಗೆ ಎಲ್ಲಕ್ಕಿಂತ ದೊಡ್ಡ ವ್ಯಾಖ್ಯಾನ ಆ ನಿಂತ ಗಾಣವೇ. ಆ ಬೆನೆ ಇಸ್ರೇಲಿಗಳಿಗೆ ಹೀಬ್ರೂ ಬಹುಪಾಲು ಮರೆತೇಹೋಗಿತ್ತು. ಶುಕ್ರವಾರ ಸಂಜೆ ಹೊತ್ತು ಮುಳುಗುವಾಗ ಎತ್ತಿನ ಕಣ್ಣಪಟ್ಟಿ ಬಿಚ್ಚುವುದು ಮಾತ್ರ ಮರೆತಿರಲಿಲ್ಲ.